ಹಣ್ಣಾದ ಹುಳು ಕಾಯುವುದಿಲ್ಲ

೧೪ ಮೇ, ಮಂಗಳವಾರ

ಈ ನೋಟುಬುಕ್ಕನ್ನು ತಿರುವಿಹಾಕಿ ಹಿಂದಿನ ಪುಟದಿಂದ ಬರೆಯುತ್ತಿದ್ದೇನೆ. ಮುಂದಿನ ಪುಟಗಳೆಲ್ಲ ರೇಷ್ಮೆ ಹುಳುವಿನವು. ಚಾಕಿ, ಅಂದರೆ ಮರಿ ಹುಳು, ತಂದ ದಿನ, ಮೂರನೇ ಜ್ವರಕ್ಕೆ ಕೂತ ದಿನ, ಎದ್ದ ದಿನ, ಗೂಡು ಕಟ್ಟಲು ಹಣ್ಣಾದ ದಿನ. ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ಜ್ವರ ಎಂದು ಹೆಸರಿಟ್ಟವರು ಯಾರೋ ಪುಣ್ಯಾತ್ಮರು. ಈ ಮನೆಯಲ್ಲಿ ಹುಳುವಿಗೆ ಜ್ವರ ಬಂದರೆ ಎಲ್ಲರೂ ಪಿಸುಮಾತಿನಲ್ಲಿ ಮಾತಾಡುತ್ತಾರೆ. ಸೊಸೆಗೆ ಬಂದರೆ ಒಂದು ಮಾತ್ರೆ ಕೊಡುತ್ತಾರೆ.

ಪಿಯುಸಿ ಓದಿದ ಸೊಸೆ ಮೇಘನ ಲಕ್ಕೂರಿನಿಂದ ಬಂದಳು ಎಂದು ಹೋಳೂರಿನ ಈ ಮನೆಯವರು ಬಂದ ವಾರಕ್ಕೇ ನೋಟುಬುಕ್ಕನ್ನು ನನ್ನ ಕೈಗೆ ಕೊಟ್ಟರು. ಹುಳುವಿನ ವಿಷಯ ಬರೆದು ರೂಢಿಯಾಗಿದೆ. ನನ್ನ ವಿಷಯ ಬರೆಯಲು ಬರುತ್ತದೋ ನೋಡಬೇಕು.

ಹೋದ ಸೆಪ್ಟೆಂಬರಿನಲ್ಲಿ ಹೆರಿಗೆಯಾಯಿತು. ಹೆಣ್ಣು. ಹುಟ್ಟುವಾಗಲೇ ಇರಲಿಲ್ಲ ಎಂದರು. ನನಗೆ ಎಚ್ಚರ ಬರುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಅವಳು ಬಂದ ದಾರಿಗೂ ಮಲದ ದಾರಿಗೂ ನಡುವಿನ ಗೋಡೆ ಹರಿದು ಅಲ್ಲೊಂದು ತೂತು ಉಳಿದಿದೆ. ಗಾಳಿ, ಮಲ ಎರಡೂ ನನ್ನನ್ನು ಕೇಳದೆ ಮುಂದಿನಿಂದ ಬರುತ್ತವೆ. ಜನವರಿಯಲ್ಲಿ ಒಮ್ಮೆ ಹೊಲಿದರು, ಹತ್ತನೇ ದಿನಕ್ಕೆ ಬಿಟ್ಟುಕೊಂಡಿತು.

ಈ ನಾಲ್ಕು ಸಾಲು ಬರೆಯಲು ಅರ್ಧ ಗಂಟೆ ಹಿಡಿಯಿತು. ಇವತ್ತು ಸ್ನಾನ ಏಳು.

೧೭ ಮೇ, ಶುಕ್ರವಾರ

ಹುಳುವಿನ ಮನೆಗೆ ಬರಬೇಡ ಎಂದು ಯಾರೂ ಹೇಳಲಿಲ್ಲ. ನಾನೇ ಬಿಟ್ಟೆ. ಹುಳುವಿಗೆ ವಾಸನೆ ಆಗದು. ಬೀಡಿ ಸೇದಿ ಬಂದವರನ್ನು ಒಳಗೆ ಬಿಡುವುದಿಲ್ಲ, ಊದುಬತ್ತಿ ಹಚ್ಚುವುದಿಲ್ಲ, ತಲೆಯಲ್ಲಿ ಮಲ್ಲಿಗೆ ಇದ್ದರೆ ಬಾಗಿಲಲ್ಲೇ ತೆಗೆದಿಡಬೇಕು. ಇನ್ನು ನನ್ನನ್ನು ಬಿಟ್ಟುಕೊಳ್ಳುತ್ತಾರೆಯೇ?

ಅತ್ತೆ ಮುನಿಯಲ್ಲಮ್ಮ ಬಾಯಿ ಬಿಟ್ಟು ಏನೂ ಅನ್ನುವುದಿಲ್ಲ. ಆದರೆ ನಾನು ಎದುರಿಗೆ ಬಂದು ಕೂತರೆ ಸ್ವಲ್ಪ ಹೊತ್ತಿಗೆ ಸೆರಗು ಮುಖಕ್ಕೆ ಹೋಗುತ್ತದೆ. ಮೂಗಿನ ಮೇಲೆ ಒತ್ತಿ ಹಿಡಿದು ಆ ಕಡೆ ತಿರುಗುತ್ತಾರೆ. ಇವತ್ತು ಊಟಕ್ಕೆ ಕೂತಾಗಲೂ ಅದೇ ಆಯಿತು. ಮುದ್ದೆ ಹಾಗೇ ಬಿಟ್ಟು ಎದ್ದೆ.

"ವಾಸ್ನೆ ಏನಿಲ್ಲ ಕಣೇ, ನಿಂಗೇ ಅಂಗನ್ಸುತ್ತೆ," ಎಂದ ಉಮಾಶಂಕರ್. ಗಂಡನ ಹೆಸರನ್ನು ನೋಟುಬುಕ್ಕಿನಲ್ಲಾದರೂ ಬರೆಯಬಹುದು. ಒಳ್ಳೆಯವನು, ಆದರೆ ಸುಳ್ಳು ಹೇಳಲು ಬರುವುದಿಲ್ಲ. ಹೇಳುವಾಗ ಉಸಿರು ಬಿಗಿ ಹಿಡಿದಿದ್ದ.

ಸ್ನಾನ ಎಂಟು.

೨೨ ಮೇ, ಬುಧವಾರ

ಕೋಲಾರದ ಆಸ್ಪತ್ರೆಗೆ ಹೋಗಿದ್ದೆವು. ಬಸ್ಸಿನಲ್ಲಿ ಹಿಂದಿನ ಸೀಟು, ಕಿಟಕಿ ಪಕ್ಕ. ಯಾರೂ ಪಕ್ಕದಲ್ಲಿ ಕೂರದಿರಲಿ ಎಂದು ಚೀಲ ಇಟ್ಟುಕೊಂಡಿದ್ದೆ.

ಡಾಕ್ಟರ್ ಚೈತನ್ಯ ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಕಾಗದದ ಮೇಲೆ ಪೆನ್ನಿನಲ್ಲಿ ಚಿತ್ರ ಬರೆದು ತೋರಿಸಿದರು. ಹರಿದ ಗೋಡೆಯನ್ನು ಬರೀ ಹೊಲಿದರೆ ಈ ಸಲವೂ ನಿಲ್ಲುವುದಿಲ್ಲವಂತೆ, ಅಲ್ಲಿ ಜೀವ ಇರುವ ಮಾಂಸವೇ ಉಳಿದಿಲ್ಲ. ತೊಡೆಯ ಒಳಗಡೆ ಉದ್ದಕ್ಕೆ ಒಂದು ಸ್ನಾಯು ಇದೆ. ಅದರ ತುದಿಯನ್ನು ಮೊಣಕಾಲಿನ ಹತ್ತಿರ ಬಿಡಿಸುತ್ತಾರೆ. ಬುಡವನ್ನೂ ರಕ್ತನಾಳವನ್ನೂ ಹಾಗೇ ಇಟ್ಟು, ಚರ್ಮದ ಕೆಳಗಿನಿಂದ ತಂದು, ಎರಡು ದಾರಿಗಳ ನಡುವೆ ಇಟ್ಟು ಹೊಲಿಯುತ್ತಾರೆ.

"ಕಾಲು ಕುಂಟಾಗುತ್ತಾ?" ಎಂದೆ.

"ಇಲ್ಲಮ್ಮ. ಅದೊಂದು ಇಲ್ಲದಿದ್ರೂ ಕಾಲು ನಡೆಸುತ್ತೆ. ಅಲ್ಲಿ ಮಾತ್ರ ಅದು ಬೇಕೇ ಬೇಕು."

ಗಾಯ ಮಾಯುವ ತನಕ ಮಲ ಆ ಕಡೆ ಹೋಗಬಾರದು. ಅದಕ್ಕೆ ಕರುಳನ್ನು ಹೊಟ್ಟೆಯ ಮೇಲೆ ತೆಗೆದು ಚೀಲ ಅಂಟಿಸುತ್ತಾರೆ. ನಾಲ್ಕು ತಿಂಗಳಾದ ಮೇಲೆ, ಒಳಗೆ ಗಟ್ಟಿಯಾಗಿದ್ದರೆ, ಚೀಲ ತೆಗೆದು ಕರುಳನ್ನು ಒಳಗೆ ಸೇರಿಸುತ್ತಾರೆ. ಗಟ್ಟಿಯಾಗದಿದ್ದರೆ? ಬದುಕಿರುವ ತನಕ ಚೀಲ. ಡಾಕ್ಟರ್ ಅದನ್ನೂ ಮುಚ್ಚಿಡದೆ ಹೇಳಿದರು.

ಜೂನ್ ಹತ್ತಕ್ಕೆ ದಿನ ಇಟ್ಟಿದ್ದಾರೆ.

೨ ಜೂನ್, ಭಾನುವಾರ

ಇವತ್ತು ನೋಟುಬುಕ್ಕಿನ ಮುಂದಿನ ಪುಟಗಳನ್ನು ನೋಡಿದೆ. ನೋಡಬಾರದಿತ್ತು. ಸೆಪ್ಟೆಂಬರ್ ಹನ್ನೆರಡರ ಎದುರು ನನ್ನದೇ ಅಕ್ಷರ: "ಹಣ್ಣಾದವು. ಎಲ್ಲಾ ಚಂದ್ರಿಕೆಗೆ ಬಿಟ್ಟಾಯಿತು. ಒಳ್ಳೇ ಬೆಳೆ."

ಇದನ್ನು ಯಾರಿಗೂ ಹೇಳಿಲ್ಲ. ಇಲ್ಲಾದರೂ ಬರೆಯುತ್ತೇನೆ.

ಆ ದಿನ ಬೆಳಿಗ್ಗೆ ಹುಳುಗಳ ಮೈ ಹಳದಿಗೆ ತಿರುಗಿ, ತಲೆ ಎತ್ತಿ ಜಾಗ ಹುಡುಕುತ್ತಿದ್ದವು. ಹಣ್ಣಾದ ಹುಳು ಕಾಯುವುದಿಲ್ಲ ಎಂದು ಅತ್ತೆ ಯಾವಾಗಲೂ ಹೇಳುತ್ತಾರೆ. ನಾಲ್ಕು ಗಂಟೆ ತಡವಾದರೆ ಸೊಪ್ಪಿನ ಕಸದಲ್ಲೇ ನೂಲು ಬಿಟ್ಟು ಹಾಳಾಗುತ್ತವೆ. ಊರಿನಲ್ಲಿ ಎಲ್ಲರಿಗೂ ಒಂದೇ ದಿನ ಹಣ್ಣು, ಕೂಲಿಗೆ ಯಾರೂ ಸಿಗಲಿಲ್ಲ. ಮನೆಯಲ್ಲಿ ಮೂವರೇ. ಒಂದೊಂದೇ ಹುಳು ಆರಿಸಿ, ಚಾಪೆಯ ಮೇಲೆ ಸುರುಳಿ ಸುತ್ತಿದ ಬಿದಿರಿನ ಚಂದ್ರಿಕೆಗಳಿಗೆ, ಗೂಡು ಕಟ್ಟಲೆಂದು, ಬಿಡಬೇಕು. ನನಗೆ ನೋವು ಶುರುವಾದಾಗ ಒಂಬತ್ತು ಗಂಟೆ. ಹೆರಿಗೆಗೆ ಇನ್ನೂ ಎರಡು ವಾರ ಇತ್ತು, ಸುಳ್ಳು ನೋವು ಇರಬೇಕು ಎಂದುಕೊಂಡೆ. ಮಧ್ಯಾಹ್ನ ನೀರೊಡೆಯಿತು. ಆಗ ಸುಳ್ಳಲ್ಲ ಎಂದು ಗೊತ್ತಾಯಿತು. ಕೊಡ ಚೆಲ್ಲಿತು ಎಂದು ನೆಲ ಒರೆಸಿದೆ. ನಿಲ್ಲಿಸಿದ ಚಂದ್ರಿಕೆಗಳ ಹಿಂದೆ ಹೋಗಿ ಸೆರಗು ಕಚ್ಚಿ ನಿಲ್ಲುವುದು, ಬಂದು ಹುಳು ಆರಿಸುವುದು. ಯಾರೂ ಬಲವಂತ ಮಾಡಲಿಲ್ಲ. ಕೆಲಸದವಳು ಅನ್ನಿಸಿಕೊಳ್ಳುವ ಆಸೆ ನನಗೇ ಇತ್ತು. ದೀಪ ಹಚ್ಚುವ ಹೊತ್ತಿಗೆ ಬಿದ್ದೆ. ಆಸ್ಪತ್ರೆ ಸೇರುವಷ್ಟರಲ್ಲಿ ಮಗುವಿನ ತಲೆ ಸಿಕ್ಕಿಕೊಂಡು ಬಹಳ ಹೊತ್ತಾಗಿತ್ತಂತೆ.

ಮೊದಲೇ ಬಂದಿದ್ದರೆ ಎಂದು ಅಲ್ಲಿಯವರು ಒಮ್ಮೆ ಅಂದು, ನನ್ನ ಮುಖ ನೋಡಿ ನಿಲ್ಲಿಸಿದರು.

ಆ ಬೆಳೆಯ ಗೂಡನ್ನು ಮಾರುಕಟ್ಟೆಯಲ್ಲಿ ಜನ ಕೈಗೆತ್ತಿ ಕೈಗೆತ್ತಿ ನೋಡಿದರಂತೆ. ಬಂದು ಆ ಸಾಲನ್ನು ನೋಟುಬುಕ್ಕಿನಲ್ಲಿ ತುಂಬಿದವಳೂ ನಾನೇ, ಹೆರಿಗೆಯಾದ ಇಪ್ಪತ್ತನೇ ದಿನ. "ಒಳ್ಳೇ ಬೆಳೆ" ಎಂದು ಬರೆಯುವಾಗ ನನ್ನ ಕೈ ಯಾಕೆ ಮುರಿಯಲಿಲ್ಲವೋ.

ಸ್ನಾನ ಒಂಬತ್ತು.

೧೨ ಜೂನ್

ನೋವು.

೧೩ ಜೂನ್

ನೋವು. ತೊಡೆಯಲ್ಲಿ ಒಂದು ನಳಿಗೆ, ಮೂತ್ರಕ್ಕೊಂದು, ಕೈಗೊಂದು. ಕಾಲು ಅಗಲಿಸಬಾರದು.

೧೭ ಜೂನ್, ಸೋಮವಾರ

ಕೂತು ಬರೆಯಲು ಬಿಟ್ಟಿಲ್ಲ, ಪಕ್ಕಕ್ಕೆ ಮಲಗಿ ಬರೆಯುತ್ತಿದ್ದೇನೆ. ನರ್ಸ್ ಶೋಭಾರಾಣಿ ಮುಳಬಾಗಿಲಿನವರು. ಅರ್ಧ ಮಾತು ಕನ್ನಡ, ಅರ್ಧ ತೆಲುಗು, ಬಾಯಿಗೆ ಬೀಗವಿಲ್ಲ. ಚೀಲ ಬಿಚ್ಚಿ ಹಾಕುವುದನ್ನು ನನಗೂ ಅತ್ತೆಗೂ ಒಟ್ಟಿಗೇ ಕಲಿಸಿದರು. ಹೊಟ್ಟೆಯ ಮೇಲೆ ನನ್ನ ಕರುಳು ಕೆಂಪಗೆ, ಒದ್ದೆಯಾಗಿ ಕೂತಿದೆ. ನಾನು ಕಣ್ಣು ಮುಚ್ಚಿದೆ. ಅತ್ತೆ ಮುಚ್ಚಲಿಲ್ಲ. ನೀರಿನಿಂದ ಸುತ್ತ ಒರೆಸಿ, ಅಳತೆಗೆ ಕತ್ತರಿಸಿ, ಅಂಟಿಸಿ, ಅಂಗೈ ಇಟ್ಟು ಬಿಸಿ ತಾಗುವ ತನಕ ಒತ್ತಿ ಹಿಡಿದರು.

"ಭೇಷ್, ಪೆದ್ದಮ್ಮ! ನಮ್ಮ ಟ್ರೈನಿಂಗ್ ಹುಡುಗೀರ್ಗಿಂತ ಚೆನ್ನಾಗ್ ಮಾಡ್ತೀರ," ಎಂದರು ಶೋಭಾರಾಣಿ. ಪೆದ್ದಮ್ಮ ಎಂದರೆ ಅವರ ತೆಲುಗಿನಲ್ಲಿ ದೊಡ್ಡಮ್ಮ.

ಅಷ್ಟು ಹೊತ್ತೂ ಅತ್ತೆ ಮೂಗು ಮುಚ್ಚಲಿಲ್ಲ. ಎರಡು ಕೈಗೂ ಕೆಲಸ ಇತ್ತಲ್ಲ, ಅದಕ್ಕೇ.

೨೧ ಜೂನ್, ಶುಕ್ರವಾರ

ಬೆಳಿಗ್ಗೆ ಹಾಸಿಗೆಯಲ್ಲಿ ಕಾಲು ಹತ್ತಿರ ಎಳೆದುಕೊಂಡೆ. ಒಳಗೆ, ಆ ಜಾಗದಲ್ಲೇ, ಏನೋ ಒದೆಯಿತು.

ಆ ಒದೆತ ನನಗೆ ಗೊತ್ತು. ಬಸುರಿನ ಆರನೇ ತಿಂಗಳಲ್ಲಿ ಮೊದಲ ಸಲ ಹೀಗೇ ಆಗಿತ್ತು, ಸೊಪ್ಪು ಕೊಯ್ಯುವಾಗ. ಉಸಿರು ಬಿಗಿ ಹಿಡಿದು ಇನ್ನೊಮ್ಮೆ ಕಾಲು ಎಳೆದೆ. ಇನ್ನೊಮ್ಮೆ ಒದೆಯಿತು.

ರೌಂಡ್ಸಿಗೆ ಬಂದಾಗ ಡಾಕ್ಟರಿಗೆ ಹೇಳಿದೆ. ಅವರು ನಗಲಿಲ್ಲ. "ಕಾಲನ್ನ ಒಳಕ್ಕೆ ಎಳೆಯೋದು ಆ ಸ್ನಾಯುವಿನ ಕೆಲಸ. ಈಗ ಜಾಗ ಬದಲಾಗಿದೆ, ಕೆಲಸ ಇನ್ನೂ ಮರೆತಿಲ್ಲ. ಕೆಲವು ತಿಂಗಳಲ್ಲಿ ನಿಲ್ಲುತ್ತೆ, ಹೆದರಬೇಡಿ," ಎಂದರು.

ನಿಲ್ಲುತ್ತದೆ ಎಂದಾಗ ನನಗೆ ಸಮಾಧಾನ ಆಗಬೇಕಿತ್ತು.

೬ ಜುಲೈ, ಶನಿವಾರ

ಮನೆಗೆ ಬಂದೆವು. ನನ್ನ ಮಂಚವನ್ನು ಹುಳುವಿನ ಮನೆಯ ಗೋಡೆಗೆ ಒತ್ತಿ ಹಾಕಿದ್ದಾರೆ, ಗಾಳಿ ಚೆನ್ನಾಗಿ ಬರುತ್ತದೆಂದು. ಕೊನೆಯ ಜ್ವರ ಕಳೆದು ಹುಳುಗಳು ಮೇಯುತ್ತಿವೆ. ಗೋಡೆಯಾಚೆಯಿಂದ ಸಾವಿರ ಬಾಯಿಗಳ ಸದ್ದು. ಬೇರೆಯವರಿಗೆ ಸೋನೆ ಮಳೆಯ ಸದ್ದಂತೆ ಕೇಳುತ್ತದೆ. ನನಗೆ ಆ ದಿನವೇ ಇನ್ನೂ ಮುಗಿದಿಲ್ಲ ಎಂದು ಕೇಳುತ್ತದೆ. ಕಿವಿಗೆ ಹತ್ತಿ ಇಟ್ಟುಕೊಂಡೆ. ಹತ್ತಿಯೊಳಗೂ ಕೇಳಿತು.

ಕಾಲು ಎಳೆದೆ. ಅದು ಒದೆಯಿತು. ಅವಳಿದ್ದಾಳೆ ಎಂದುಕೊಂಡು ನಿದ್ದೆ ಮಾಡಿದೆ. ಹುಚ್ಚು ಎಂದು ಗೊತ್ತು.

ಸ್ನಾನ ಮೂರು, ಅತ್ತೆ ಬಿಸಿನೀರು ಅಷ್ಟೇ ಕಾಯಿಸಿಕೊಟ್ಟದ್ದು.

೮ ಆಗಸ್ಟ್, ಗುರುವಾರ

ನೆನ್ನೆ ನಡುಮನೆಯಲ್ಲಿ ಕೂತು ಅವರೆಕಾಳು ಆರಿಸುತ್ತಿದ್ದೆ. ಅತ್ತೆ ಎದುರಿಗೆ ಬಂದು ಕೂತರು, ನನ್ನನ್ನೇ ನೋಡಿದರು. ಸೆರಗು ಮುಖಕ್ಕೆ ಹೋಯಿತು. ಎದ್ದು ಹೊರಗೆ ಹೋದರು.

ಮಲ ಹೋಗುವುದು ಚೀಲಕ್ಕೆ, ಚೀಲ ಖಾಲಿ, ಹೊಸದು. ಹಾಗಾದರೆ ಅತ್ತೆಗೆ ಬಂದ ವಾಸನೆ ಎಲ್ಲಿಯದು? ಒಳಗೆ ಬಿಟ್ಟುಕೊಂಡಿದೆ, ಎರಡನೇ ಸಲವೂ ಬಿಟ್ಟುಕೊಂಡಿದೆ. ಉಮಾಶಂಕರನಿಗೆ ಈಗಲೇ ಆಸ್ಪತ್ರೆಗೆ ಹೋಗಬೇಕೆಂದೆ. "ತಪಾಸಣೆ ಮುಂದಿನ ತಿಂಗಳಲ್ವಾ?" ಎಂದ. ಅತ್ತೆ, "ಕರ್ಕೊಂಡೋಗೋ, ಆ ಬಿಡ್ಡ ನಡುಗ್ತಾ ಇದೆ," ಎಂದು ಗದರಿದರು. ಸಿಟ್ಟಿನಲ್ಲಿ ಅತ್ತೆಗೆ ತವರಿನ ತೆಲುಗು ಬರುತ್ತದೆ, ಬಿಡ್ಡ ಎಂದರೆ ಮಗು.

ಡಾಕ್ಟರ್ ಹಿಂದಿನಿಂದ ನೀಲಿ ನೀರು ಬಿಟ್ಟು, ಮುಂದೆ ಹತ್ತಿ ಇಟ್ಟು, ಓಡಾಡಿ ಬಾ ಎಂದರು. ಆ ವರಾಂಡದಲ್ಲಿ ಎಷ್ಟು ಸಲ ತಿರುಗಿದೆನೋ. ದೇವರನ್ನು ಕರೆಯಲಿಲ್ಲ. ಆ ಸ್ನಾಯುವನ್ನೇ ಕರೆದೆ, ಹಿಡಿದುಕೋ ತಾಯಿ ಎಂದೆ.

ಹತ್ತಿ ಬೆಳ್ಳಗೇ ಬಂತು.

"ಒಂದು ತೊಟ್ಟೂ ಇಲ್ಲ. ತುಂಬ ಚೆನ್ನಾಗಿ ಕೂಡಿಕೊಂಡಿದೆ. ಯಾರು ಹೇಳಿದ್ದು ವಾಸನೆ ಅಂತ?"

ಯಾರೂ ಹೇಳಿಲ್ಲ. ಹಿಂದಿರುಗುವಾಗ ಬಸ್ಸು ತುಂಬಿತ್ತು. ಟೊಮೇಟೊ ಮಾರುಕಟ್ಟೆಯಿಂದ ಬಂದ ಹೆಂಗಸೊಬ್ಬಳು ನನ್ನ ಭುಜದ ಮೇಲೆ ತಲೆಯಿಟ್ಟು ಹೋಳೂರು ತನಕ ಗೊರಕೆ ಹೊಡೆದಳು. ಕೈ ಜೋಮು ಹಿಡಿದು ಸಾಕಾಯಿತು.

೧೨ ಸೆಪ್ಟೆಂಬರ್, ಗುರುವಾರ

ಇವತ್ತಿಗೆ ವರ್ಷ. ಯಾರೂ ಏನೂ ಅನ್ನಲಿಲ್ಲ. ಅತ್ತೆ ಒಲೆ ಹಚ್ಚಲಿಲ್ಲ, ಮೈ ಸರಿಯಿಲ್ಲ ಎಂದು ಮುಸುಕು ಹಾಕಿ ಮಲಗಿದ್ದರು. ನಾನೇ ಅನ್ನ ಮಾಡಿದೆ.

ಕಾಲು ಎಳೆದೆ. ಒದೆಯಲಿಲ್ಲ. ಇನ್ನೊಮ್ಮೆ ಎಳೆದೆ. ಇಲ್ಲ. ಯಾವತ್ತು ನಿಂತಿತೋ, ನಾನು ನೋಡಿಕೊಳ್ಳಲೇ ಇಲ್ಲ. ಅಷ್ಟು ದಿನ ಮರೆತಿದ್ದೆನೇ? ಎರಡನೇ ಸಲ ಅವಳನ್ನು ಕಳೆದುಕೊಂಡಂತಾಯಿತು, ಈ ಸಲವೂ ನನ್ನ ಗಮನ ಬೇರೆಲ್ಲೋ ಇದ್ದಾಗ.

೨೪ ಸೆಪ್ಟೆಂಬರ್, ಮಂಗಳವಾರ

ಚೀಲ ತೆಗೆಯಲು ಅಕ್ಟೋಬರ್ ಹತ್ತಕ್ಕೆ ದಿನ ಸಿಕ್ಕಿತು. ಹುಳು ಸಾಕಿ ಕೊಡುವ ಕದಿರೇಶ್ ಇವತ್ತೇ ಚಾಕಿ ತಂದಿಳಿಸಿದ. ಬೆರಳು ಮಡಿಚಿ ನೋಡಿದೆ. ಹಣ್ಣಾಗುವುದೂ ಹತ್ತಕ್ಕೇ. ಉಮಾಶಂಕರ್ ನನ್ನ ಜೊತೆ ಬರುವುದು, ಅತ್ತೆ ತಮ್ಮ ಅಣ್ಣನ ಮಗಳನ್ನು ಕರೆಸಿಕೊಂಡು ಹುಳು ನೋಡಿಕೊಳ್ಳುವುದು ಎಂದು ಮಾತಾಯಿತು.

ಮಲಕ್ಕೆ ಮತ್ತೆ ಆ ಹಳೆಯ ದಾರಿ. ಹೊಲಿಗೆ ತಡೆಯುತ್ತದೋ ಇಲ್ಲವೋ ಆಗಲೇ ಗೊತ್ತಾಗುವುದು. ನೀಲಿ ನೀರು ಬೇರೆ, ದಿನದಿನದ ಬದುಕು ಬೇರೆ.

೨ ಅಕ್ಟೋಬರ್, ಬುಧವಾರ

ಮೂರೂವರೆ ದಿನ ಚೆನ್ನಾಗಿ ಮೇದು ನಾಲ್ಕನೇ ಜ್ವರಕ್ಕೆ ಕೂತಿವೆ. ಕೆಲವಿನ್ನೂ ಕೂತಿಲ್ಲ, ಉಮಾಶಂಕರ್ ಸೊಪ್ಪು ಹಾಕಲು ಹೊರಟಿದ್ದ. ಮೂಲೆಯ ತಟ್ಟೆಗಳನ್ನು ಬಗ್ಗಿ ನೋಡಿ, ಬೇಡ, ಸುಣ್ಣ ಎರಚು, ಹಾಸು ಒಣಗಿ ಎಲ್ಲವೂ ಒಟ್ಟಿಗೆ ಕೂರಲಿ ಎಂದೆ. ಕಿಟಕಿಯ ಬಲೆಯೊಂದು ಹರಿದಿದೆ, ಊಜಿ ನೊಣ ನುಗ್ಗಿ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ. ಹೊಲಿಯಬೇಕು. ಮುಂದಿನ ಪುಟದಲ್ಲೂ ಬರೆದಿಟ್ಟಿದ್ದೇನೆ.

೧೩ ಅಕ್ಟೋಬರ್, ಭಾನುವಾರ

ಐದು ದಿನದ್ದು ಸೇರಿಸಿ ಬರೆಯಬೇಕು.

ಒಂಬತ್ತರಂದು ಆಸ್ಪತ್ರೆಗೆ ಹೊರಡುವಾಗ ಅತ್ತೆಯೇ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮಗನಿಗೆ, "ನೀನಿರು. ನಾನು ಹೋಗ್ತೀನಿ," ಎಂದರು. ಅವನು ಏನೇನೋ ಹೇಳಿದ. ಅವರು ಆಗಲೇ ಬಸ್ಸಿನ ಕಡೆ ನಡೆದಿದ್ದರು.

ಹತ್ತನೇ ತಾರೀಖು ಬೆಳಿಗ್ಗೆ ಏಳು ಗಂಟೆ. ನನಗೆ ಹಸಿರು ಬಟ್ಟೆ ತೊಡಿಸಿ ಕೂರಿಸಿದ್ದರು. ಅತ್ತೆಯ ಫೋನು ಬಡಿದುಕೊಂಡಿತು. ಉಮಾಶಂಕರ್ ಕೂಗುತ್ತಿದ್ದದ್ದು ನನಗೂ ಕೇಳಿಸುತ್ತಿತ್ತು.

"ಅಮ್ಮಾ, ಎಲ್ಲಾ ಒಂದೇ ಸಲ ಹಣ್ಣಾಗ್ಬಿಟ್ಟವೆ. ಮಾವನ ಮಗಳು ಬಂದಿಲ್ಲ. ನನ್ನೊಬ್ನ ಕೈಲಿ ಆಗಲ್ಲ. ಮೇಘನ ಹತ್ರ ನರ್ಸಮ್ಮ ಇರ್ತಾರೆ, ಒಂಬತ್ ಗಂಟೆ ಬಸ್ಸಿಗೆ ಬಂದ್ಬಿಡು!"

"ನೇನು ರಾನು."

"ಏನು?"

"ಬರಲ್ಲ ಅಂದೆ ಕಣೋ. ಆದಷ್ಟು ಆರ್ಸು. ಮಿಕ್ಕಿದ್ದು ಹೋಗ್ಲಿ," ಎಂದು ಫೋನು ಮಡಿಲಿಗೆ ಹಾಕಿಕೊಂಡರು.

"ಹೋಗಿ ಅತ್ತೆ," ಎಂದೆ. "ನಂದೇನೂ ದೊಡ್ಡ ಆಪರೇಷನ್ ಅಲ್ಲವಂತೆ. ಹಣ್ಣಾದ ಹುಳ ಕಾಯಲ್ಲ ಅಂತ ನೀವೇ ಹೇಳ್ತೀರಲ್ಲ."

ಸೆರಗು ಮುಖಕ್ಕೆ ಹೋಯಿತು. ಇಷ್ಟು ಹತ್ತಿರದಿಂದ ನಾನು ಎಂದೂ ನೋಡಿರಲಿಲ್ಲ. ಅವರು ಮುಚ್ಚಿಕೊಂಡಿದ್ದು ಮೂಗನ್ನಲ್ಲ, ಬಾಯನ್ನು. ಒಳಗಿನಿಂದ ಬರುವುದನ್ನು ಒತ್ತಿ ಹಿಡಿದಿದ್ದರು. ಕಣ್ಣಲ್ಲಿ ನೀರು ಇಳಿಯುತ್ತಿತ್ತು.

"ಆವತ್ತೂ ನಾನು ಅಂಗೇ ಅಂದೆ ಕಣೇ," ಎಂದರು. "ನೀನು ಬಚ್ಚಿಟ್ಟೆ ಅನ್ಕೊಂಡಿದೀಯ. ಚಂದ್ರಿಕೆ ಹಿಂದೆ ನಿಂತ್ಕೊಂಡು ಸೆರಗು ಕಚ್ಚಿದ್ದು ನಾನು ನೋಡ್ದೆ. ಕೊಡ ಚೆಲ್ಲಿತು ಅಂದ್ಯಲ್ಲ, ಕೊಡ ಬಚ್ಚಲಲ್ಲಿತ್ತು. ಮೂರು ಹೆತ್ತೋಳು ನಾನು, ನೀರೊಡೆದಿದ್ದು ನಂಗೆ ತಿಳಿಯಲ್ವಾ? ಇನ್ನ ನಾಕು ಚಂದ್ರಿಕೆ ಉಳ್ದಿತ್ತು. ನಾಕೇ ನಾಕು. ಅದೊಂದು ಮುಗೀಲಿ, ಆಮೇಲೆ ಹೇಳಣ ಅಂದ್ಕೊಂಡೆ. ನಿನ್ ಮುಖ ನೋಡ್ದಾಗೆಲ್ಲ ಅದು ಬಾಯಿಗೆ ಬರುತ್ತೆ."

ಸಿಟ್ಟು ಬಂತು, ಅದನ್ನು ಸುಳ್ಳು ಹೇಳುವುದಿಲ್ಲ. ಹೊಡೆಯಬೇಕು ಅನ್ನಿಸುವಷ್ಟು ಬಂತು. ಒಂದು ವರ್ಷ ಪೂರ್ತಿ ಆ ದಿನವನ್ನು ನಾನೊಬ್ಬಳೇ ಹೊತ್ತುಕೊಂಡು ದಿನಕ್ಕೆ ಒಂಬತ್ತು ಸಲ ಮೈ ತಿಕ್ಕಿಕೊಂಡೆ. ಅದೇ ಮನೆಯಲ್ಲಿ, ಗೋಡೆಯಾಚೆ, ಇನ್ನೊಬ್ಬರು ಅದನ್ನೇ ಹೊತ್ತು ಮೂಕಿಯಾಗಿ ಓಡಾಡುತ್ತಿದ್ದರು. ಅಷ್ಟರಲ್ಲಿ ಶೋಭಾರಾಣಿ ಗಾಡಿ ತಂದರು. ತಳ್ಳಿಕೊಂಡು ಹೋಗುವಾಗ ಅತ್ತೆ ನನ್ನ ಪಾದ ಹಿಡಿದುಕೊಂಡಿದ್ದರು. ಬಿಡಿಸಿಕೊಳ್ಳಲಿಲ್ಲ.

ಆಮೇಲೆ ಎರಡು ದಿನ ಎಲ್ಲರಿಗೂ ಒಂದೇ ಪ್ರಶ್ನೆ, ಗಾಳಿ ಹೋಯಿತೇ ಎಂದು. ನೆನ್ನೆ ಸಂಜೆ ಹೋಯಿತು. ಹೋಗಬೇಕಾದ ಕಡೆಯಿಂದಲೇ, ಪಕ್ಕದ ಮಂಚದವರಿಗೂ ಕೇಳುವ ಹಾಗೆ. ಶೋಭಾರಾಣಿ ಚಪ್ಪಾಳೆ ತಟ್ಟಿದರು. ಇವತ್ತು ಬೆಳಿಗ್ಗೆ ಮಲವೂ ಸರಿಯಾದ ದಾರಿಯಲ್ಲಿ ಆಯಿತು. ಮುಂದೆ ಒಂದು ಹನಿ ಇಲ್ಲ. ಪಾಯಿಖಾನೆಯಲ್ಲಿ ಗೋಡೆ ಹಿಡಿದು ನಿಂತು ಕಣ್ಣೀರು ಹಾಕಿದೆ. ಮನುಷ್ಯರಿಗೆ ಇಂಥದ್ದಕ್ಕೂ ಆನಂದ ಆಗುತ್ತದೆ.

ಉಮಾಶಂಕರ್ ಫೋನು ಮಾಡಿದ್ದ. ಅರ್ಧಕ್ಕರ್ಧ ಹುಳು ಕಸದಲ್ಲೇ ಗೂಡು ಕಟ್ಟಿದವಂತೆ. ಅತ್ತೆ, "ಪೋನೀ, ಹೋಗ್ಲಿ," ಎಂದರು, ಅಷ್ಟೇ. ಮಂಚದ ಪಕ್ಕ ನೆಲದಲ್ಲಿ ಕೂತು ನನಗೆ ಗಂಜಿ ಆರಿಸುತ್ತಿದ್ದರು. ಅವರನ್ನು ಕ್ಷಮಿಸಿದೆನೋ ಇಲ್ಲವೋ ಗೊತ್ತಿಲ್ಲ. ಗಂಜಿ ಕುಡಿದೆ. ಕುಡಿದು, ಯಾರನ್ನೂ ಕೇಳದೆ ಇದ್ದದ್ದನ್ನು ಕೇಳಿದೆ.

"ಅತ್ತೆ, ಆವತ್ತು ಹೆರಿಗೆ ರೂಮಿನ ಬಾಗಿಲಲ್ಲಿ ನೀವೇ ಇದ್ರಲ್ಲ. ನಂಗೆ ಎಚ್ಚರ ಇರ್ಲಿಲ್ಲ. ಅವಳು ಅತ್ತಳಾ?"

ಲೋಟ ಕೆಳಗಿಟ್ಟರು.

"ಒಂದ್ಸಲ," ಎಂದರು. "ಒಂದೇ ಸಲ. ಅತ್ತು ನಿಲ್ಲಿಸ್ತು. ಹುಟ್ಟುವಾಗ್ಲೇ ಇರ್ಲಿಲ್ಲ ಅಂತ ಹೇಳ್ಬಿಡಿ ಅಂದೋಳು ನಾನೇ. ಗೊತ್ತಾದ್ರೆ ನೀನು ಉಳಿಯಲ್ಲ ಅಂದ್ಕೊಂಡೆ."

ಹಾಗಾದರೆ ಇದ್ದಳು. ಈ ಊರಿನ ಗಾಳಿ ಒಂದು ಉಸಿರಿನಷ್ಟು ಕುಡಿದು ಹೋದಳು.

"ಅವಳ ಅಳು ಹೇಗಿತ್ತು?" ಎಂದೆ.

ವಾರ್ಡು ತುಂಬ ಜನ. ಎದುರು ಮಂಚದವರ ನೆಂಟರು ಬುತ್ತಿ ಬಿಚ್ಚಿ ಕೂತಿದ್ದರು. ಅತ್ತೆ ಸೆರಗು ಮುಟ್ಟಲಿಲ್ಲ. ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು, ನನ್ನ ಮುಖವನ್ನೇ ನೋಡುತ್ತಾ, ಬಾಯಿ ತೆರೆದು ಆ ದನಿ ಮಾಡಿ ತೋರಿಸಿದರು. ಸಣ್ಣದು, ಸ್ವಲ್ಪ ಒಡಕು. ಎಲ್ಲರೂ ತಿರುಗಿ ನೋಡಿದರು.

"ಇನ್ನೊಂದ್ಸಲ," ಎಂದೆ.